ಬಿದಿರ ಮೆಳೆಗಳ ನಡುವಿನ ಮೌನಗಿರಿ: ತಾವೋ ಸಾಧಕರ ಚಿಂಗ್‌ಚೆಂಗ್

ಚೀನಾದ ನೈಋತ್ಯ ಭಾಗದ ಸಿಚುವಾನ್ ಪ್ರಾಂತ್ಯದ ಬಗ್ಗೆ ಹಳೆಯ ಮಾತೊಂದಿದೆ. ಅಲ್ಲಿ ಸೂರ್ಯ ಕಾಣಿಸಿಕೊಂಡರೆ ನಾಯಿಗಳು ಬೊಗಳುತ್ತವಂತೆ. ವರ್ಷದ ಬಹುಭಾಗವನ್ನು ಮೋಡ, ಮಂಜು ಮತ್ತು ಜಿನುಗುಮಳೆಯಲ್ಲೇ ಕಳೆಯುವ ಆ ಸೀಮೆಯ ನಾಯಿಗಳಿಗೆ ಬಿಸಿಲೆಂಬುದು ಅಪರಿಚಿತ ಅತಿಥಿ ಎಂಬುದು ಈ ಮಾತಿನ ತಾತ್ಪರ್ಯ. ಇತರೆಡೆ ಪ್ರವಾಸಿಗರನ್ನು ನಿರಾಶೆಗೊಳಿಸುವ ಈ ಮಂಜು, ಪ್ರಾಂತ್ಯದ ರಾಜಧಾನಿ ಚೆಂಗ್ಡುವಿನಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಚಿಂಗ್‌ಚೆಂಗ್ ಗಿರಿಗೆ ಮಾತ್ರ ಆಭರಣವಾಗಿದೆ. ಬಯಲಿನಿಂದ ಒಮ್ಮೆಲೇ ಮೇಲೇಳುವ ಶಿಖರಗಳು, ಅವುಗಳ ಇಳಿಜಾರನ್ನು ಮುಚ್ಚಿರುವ ಬಿದಿರು ಮತ್ತು ದೇವದಾರು ಜಾತಿಯ ಮರಗಳು, ಎಲೆಗಳಿಂದ ಸದಾ ತೊಟ್ಟಿಕ್ಕುವ ನೀರು, ಅವುಗಳ ನಡುವೆ ಅರ್ಧ ಕಂಡೂ ಕಾಣದಂತೆ ಕುಳಿತಿರುವ ತಾವೋ ಧರ್ಮದ ಮಠಗಳು. ವರ್ಷವಿಡೀ ಹಸಿರು ಬಾಡದ ಶಿಖರಗಳು ಕೋಟೆಗೋಡೆಯಂತೆ ಸುತ್ತುವರಿದಿರುವುದರಿಂದಲೇ ಇದಕ್ಕೆ 'ಹಸಿರು ನಗರ' ಎಂಬರ್ಥದ ಹೆಸರು ಬಂದಿದೆ ಎನ್ನಲಾಗುತ್ತದೆ.

ಸಿಚುವಾನ್ ಜನ ತಮ್ಮ ನಾಡಿನ ಪ್ರಸಿದ್ಧ ತಾಣಗಳಿಗೆ ಒಂದೊಂದು ಗುಣವನ್ನು ಹಂಚಿಕೊಟ್ಟಿದ್ದಾರೆ. ಅಮೇಯಿ ಪರ್ವತಕ್ಕೆ ಚೆಲುವು, ಜಿಯಾನ್‌ಮೆನ್ ಕಣಿವೆಗೆ ದುರ್ಗಮತೆ, ಚಿಂಗ್‌ಚೆಂಗ್‌ಗೆ 'ಯೂ'. ಈ ಒಂದಕ್ಷರದ ಪದವನ್ನು ಕನ್ನಡದ ಒಂದೇ ಪದದಲ್ಲಿ ಹಿಡಿಯುವುದು ಕಷ್ಟ. ಏಕಾಂತ, ನೆರಳು, ಮೌನ, ಮರೆ, ಆಳ ಇವೆಲ್ಲವೂ ಅದರೊಳಗಿವೆ. ಆ ಪದವನ್ನು ಬರೆಯುವ ಅಕ್ಷರದೊಳಗೇ ಬೆಟ್ಟದ ಚಿಹ್ನೆಯೊಂದು ಅಡಗಿದೆ. ಆದರೆ ಮೌನಕ್ಕೆ ಹೆಸರಾದ ಈ ಬೆಟ್ಟದ ಬುಡದವರೆಗೂ ಇಂದು ವೇಗದ ರೈಲು ಬರುತ್ತದೆ. ಮೇ ತಿಂಗಳ ಕಾರ್ಮಿಕ ದಿನದ ರಜೆಯಲ್ಲಿ, ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆಯಲ್ಲಿ ಇಲ್ಲಿನ ಕಲ್ಲುಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಹಾಗಾದರೆ ಆ 'ಯೂ' ಇನ್ನೂ ಉಳಿದಿದೆಯೇ? ಉಳಿದಿದೆ, ಆದರೆ ಅದನ್ನು ಹುಡುಕಿಕೊಂಡು ಹೋಗಬೇಕು. ಇಷ್ಟಕ್ಕೂ ಈ ಬೆಟ್ಟದ ಮೌನ ಎಂದೂ ತಾನಾಗಿ ಉಳಿದುಬಂದದ್ದಲ್ಲ. ಅದಕ್ಕಾಗಿ ಜಗಳಗಳು ನಡೆದಿವೆ, ರಾಜಾಜ್ಞೆಗಳು ಹೊರಟಿವೆ.

ಐದು ಅಳತೆ ಅಕ್ಕಿಯ ಧರ್ಮ

ತಾವೋ ಚಿಂತನೆಯ ಮೂಲ ಲಾವೋತ್ಸೆಯ ಹೆಸರಿನಲ್ಲಿರುವ ಪುಟ್ಟ ಗ್ರಂಥ. ಯು.ಆರ್. ಅನಂತಮೂರ್ತಿ ಅವರು 'ದಾವ್ ದ ಜಿಂಗ್' ಎಂಬ ಹೆಸರಿನಲ್ಲಿ ಅದನ್ನು ಕನ್ನಡಕ್ಕೆ ತಂದಿರುವುದರಿಂದ ಇಲ್ಲಿನ ಓದುಗರಿಗೆ ಅದು ಅಪರಿಚಿತವೇನಲ್ಲ. ಆದರೆ ಚಿಂತನೆ ಬೇರೆ, ಮಠ, ಪೂಜೆ, ದೀಕ್ಷೆಗಳುಳ್ಳ ಸಂಘಟಿತ ಧರ್ಮ ಬೇರೆ. ಗ್ರಂಥ ರಚನೆಯಾಗಿ ಹಲವು ಶತಮಾನಗಳು ಕಳೆದ ಮೇಲೆ, ಕ್ರಿ.ಶ. 142ರ ಸುಮಾರಿಗೆ, ಜಾಂಗ್ ದಾವ್‌ಲಿಂಗ್ ಎಂಬ ಸಾಧಕ ಸಿಚುವಾನ್‌ನ ಬೆಟ್ಟವೊಂದರಲ್ಲಿ ತನಗೆ ಸಾಕ್ಷಾತ್ ಲಾವೋತ್ಸೆಯೇ ದೈವರೂಪದಲ್ಲಿ ದರ್ಶನವಿತ್ತನೆಂದು ಸಾರಿದ. ಮರುವರ್ಷ ಚಿಂಗ್‌ಚೆಂಗ್‌ನಲ್ಲಿ ನೆಲೆಸಿ ಬೋಧನೆ ಆರಂಭಿಸಿದನೆಂದು ಪರಂಪರೆ ಹೇಳುತ್ತದೆ. 'ದಿವ್ಯಗುರು' ಎಂಬ ಬಿರುದು ಹೊತ್ತ ಆತನ ಪಂಥವೇ ತಾವೋ ಧರ್ಮದ ಮೊದಲ ಸಂಘಟಿತ ರೂಪ.

ಅನುಯಾಯಿಗಳು ಕಾಣಿಕೆಯಾಗಿ ಐದು ಅಳತೆ ಅಕ್ಕಿಯನ್ನು ಒಪ್ಪಿಸುತ್ತಿದ್ದುದರಿಂದ ಹೊರಗಿನವರು ಇದನ್ನು 'ಐದು ಅಳತೆ ಅಕ್ಕಿಯ ಪಂಥ' ಎಂದು ಕರೆದರು. ಕರೆದ ದನಿಯಲ್ಲಿ ತುಸು ಕುಹಕವಿತ್ತು. ಆದರೆ ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಆ ದಿನಗಳಲ್ಲಿ ರೋಗರುಜಿನ ಮತ್ತು ಬಡತನದಿಂದ ಕಂಗೆಟ್ಟಿದ್ದ ರೈತರಿಗೆ ಈ ಪಂಥ ನೀಡಿದ ಭರವಸೆ ಸಣ್ಣದಾಗಿರಲಿಲ್ಲ. ಕಾಯಿಲೆ ಬಿದ್ದವರನ್ನು ಮೊದಲು ನಿಶ್ಶಬ್ದವಾದ ಕೋಣೆಯೊಂದರಲ್ಲಿ ಕೂರಿಸಿ ತಮ್ಮ ತಪ್ಪುಗಳನ್ನು ನೆನೆಯುವಂತೆ ಹೇಳಲಾಗುತ್ತಿತ್ತು. ಬಳಿಕ ತಪ್ಪೊಪ್ಪಿಗೆಯನ್ನು ಮೂರು ಪ್ರತಿಗಳಲ್ಲಿ ಬರೆಯಲಾಗುತ್ತಿತ್ತು. ಆಕಾಶಕ್ಕೆ ಸಲ್ಲಬೇಕಾದ ಪ್ರತಿಯನ್ನು ಬೆಟ್ಟದ ಮೇಲೆ ಇಡುವುದು, ಭೂಮಿಯದನ್ನು ಹೂಳುವುದು, ನೀರಿನದನ್ನು ಮುಳುಗಿಸುವುದು ವಾಡಿಕೆ. ಬೆಟ್ಟ, ನೆಲ ಮತ್ತು ನೀರನ್ನು ಹೀಗೆ ಸಾಕ್ಷಿಗಳನ್ನಾಗಿ ಮಾಡಿಕೊಂಡ ಧರ್ಮವೊಂದು ಈ ಗಿರಿಯನ್ನು ತನ್ನ ತವರುಗಳಲ್ಲಿ ಒಂದೆಂದು ಎಣಿಸಿದ್ದರಲ್ಲಿ ಅಚ್ಚರಿಯಿಲ್ಲ. ತಾವೋ ಭೂಗೋಳದಲ್ಲಿ ಸಾಧಕರ ಪಾಲಿಗೆ ಸ್ವರ್ಗದ ಬಾಗಿಲುಗಳೆನಿಸಿದ ಹತ್ತು ಮಹಾಗುಹಾಲೋಕಗಳಿವೆ. ಅವುಗಳಲ್ಲಿ ಚಿಂಗ್‌ಚೆಂಗ್‌ಗೆ ಐದನೆಯ ಸ್ಥಾನ.

ಬೆಟ್ಟಕ್ಕಾಗಿ ವ್ಯಾಜ್ಯ

ಇಂತಹ ತಾಣದ ಮೇಲೆ ಇತರರ ಕಣ್ಣು ಬೀಳದಿರುವುದೆಂತು? ಎಂಟನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಬೌದ್ಧ ಭಿಕ್ಷುಗಳು ತಾವೋ ಮಠವೊಂದನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ದೂರು ರಾಜಧಾನಿಯವರೆಗೂ ಹೋಯಿತು. ತಾಂಗ್ ವಂಶದ ಚಕ್ರವರ್ತಿ ಶ್ವಾನ್‌ಜೋಂಗ್ 724ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಮಠವನ್ನು ತಾವೋ ಸಾಧಕರಿಗೆ ಮರಳಿಸಬೇಕು, ಭಿಕ್ಷುಗಳು ಬೆಟ್ಟದ ಹೊರಗಿನ ತಮ್ಮ ಹಳೆಯ ವಿಹಾರಕ್ಕೆ ಹಿಂದಿರುಗಬೇಕು ಎಂದು ತೀರ್ಪಿತ್ತ. ಆ ಆಜ್ಞೆಯನ್ನು ಕೆತ್ತಿದ ಶಿಲಾಶಾಸನ ದಿವ್ಯಗುರುವಿನ ಗುಹೆಯೆಂದು ಹೆಸರಾದ ತಿಯಾನ್‌ಶಿ ಮಠದಲ್ಲಿದೆ. ಲಾವೋತ್ಸೆಯ ವಂಶನಾಮ ಮತ್ತು ತಾಂಗ್ ಅರಸರ ವಂಶನಾಮ ಎರಡೂ 'ಲೀ' ಆಗಿದ್ದು, ಅರಸರು ಆತನನ್ನು ತಮ್ಮ ಪೂರ್ವಜನೆಂದೇ ಸಾರಿಕೊಂಡಿದ್ದರು ಎಂಬುದನ್ನು ಈ ತೀರ್ಪನ್ನು ಓದುವಾಗ ಮರೆಯಬಾರದು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮೊದಲಿಗೆ ಇಲ್ಲಿ ಜಾಂಗ್‌ನ ಪಂಥವೇ ಪ್ರಧಾನವಾಗಿತ್ತು. ಅದರ ಪುರೋಹಿತರು ಮದುವೆಯಾಗಿ ಸಂಸಾರ ನಡೆಸಬಹುದು. ಮಿಂಗ್ ಅರಸೊತ್ತಿಗೆಯ ಕೊನೆಯ ಯುದ್ಧಗಳಲ್ಲಿ ಸಿಚುವಾನ್ ನಿರ್ಜನವಾಗುವಷ್ಟು ನಲುಗಿತು, ಚಿಂಗ್‌ಚೆಂಗ್‌ನ ಮಠಗಳೂ ಪಾಳುಬಿದ್ದವು. 17ನೇ ಶತಮಾನದಲ್ಲಿ ವೂದಾಂಗ್ ಪರ್ವತದಿಂದ ಬಂದ ಸಾಧಕರು ಅವುಗಳಿಗೆ ಮರುಜೀವ ನೀಡಿದರು. ಹೀಗೆ ಬಂದವರು ಚ್ವಾನ್‌ಜೆನ್ ಎಂಬ ಸನ್ಯಾಸ ಪಂಥದವರು. ಬ್ರಹ್ಮಚರ್ಯ, ಸಸ್ಯಾಹಾರ, ಮುಡಿಕಟ್ಟಿದ ಉದ್ದ ಕೂದಲು ಮತ್ತು ಮಠವಾಸ ಇವರ ನಿಯಮಗಳು. ಇಂದು ಪ್ರವಾಸಿಗರಿಗೆ ಎದುರಾಗುವ ಕಡುನೀಲಿ ನಿಲುವಂಗಿಯ ಸಾಧಕರು ಈ ಪರಂಪರೆಗೆ ಸೇರಿದವರು. ಅವರಲ್ಲಿ ಮಹಿಳೆಯರೂ ಇದ್ದಾರೆ.

ಹತ್ತುವ ದಾರಿ

ಬೆಟ್ಟಕ್ಕೆ ಎರಡು ಮುಖಗಳಿವೆ. ಮಠಗಳೆಲ್ಲ ಇರುವುದು ಮುಂಭಾಗದಲ್ಲಿ. ಹಿಂಭಾಗದಲ್ಲಿ ಕಣಿವೆ, ಜಲಪಾತ, ಬಂಡೆಗೆ ಅಂಟಿಸಿದಂತಿರುವ ಮರದ ಕಾಲುದಾರಿಗಳು ಮತ್ತು ದಟ್ಟ ಕಾಡು. ಮುಂಭಾಗದ ಹೆಬ್ಬಾಗಿಲ ಬಳಿ ಇರುವುದು 730ರಲ್ಲಿ ಸ್ಥಾಪನೆಗೊಂಡ ಜಿಯಾನ್‌ಫು ಮಠ. ಇಲ್ಲಿನ 394 ಅಕ್ಷರಗಳ ಜೋಡಿಸಾಲು ಫಲಕ ಪ್ರಸಿದ್ಧವಾದುದು. ಅಲ್ಲಿಂದ ಮುಂದೆ ಯಾತ್ರಿಕರ ದಾರಿ ಕವಲೊಡೆಯುತ್ತದೆ. ಒಂದು ಕವಲು ಯ್ವೇಚೆಂಗ್ ಎಂಬ ಪುಟ್ಟ ಸರೋವರದತ್ತ ಸಾಗುತ್ತದೆ. ಅದನ್ನು ದೋಣಿಯಲ್ಲಿ ದಾಟಿ, ರೋಪ್‌ವೇ ಏರಿದರೆ ಕೆಲವೇ ನಿಮಿಷಗಳಲ್ಲಿ ಶಿಖರದ ಸಮೀಪ. ಇನ್ನೊಂದು ಕವಲು ಕಲ್ಲುಮೆಟ್ಟಿಲುಗಳದ್ದು, ಶಿಖರಕ್ಕೆ ಎರಡು-ಮೂರು ಗಂಟೆಯ ನಡಿಗೆ.

ಬಹುಮಂದಿ ರೋಪ್‌ವೇಯನ್ನೇ ಆರಿಸಿಕೊಳ್ಳುತ್ತಾರೆ. ವಯಸ್ಸಾದವರ ಮಟ್ಟಿಗೆ ಅದು ಸರಿಯೇ. ಆದರೆ ಹಾಗೆ ಏರಿ ಹಾಗೆಯೇ ಇಳಿದವರು ಚಿಂಗ್‌ಚೆಂಗ್‌ನ ಹೃದಯವನ್ನೇ ಕಾಣದೆ ಮರಳುತ್ತಾರೆ ಎನ್ನಬೇಕು. ಏಕೆಂದರೆ ತಿಯಾನ್‌ಶಿ ಮಠವಿರುವುದು ನಡೆದು ಹತ್ತುವವರ ದಾರಿಯಲ್ಲಿ. ಮೂರು ಕಡೆ ಬೆಟ್ಟ, ಒಂದು ಕಡೆ ಕಮರಿ ಇರುವ ಕಿರಿದಾದ ನೆಲದಲ್ಲಿ ಆ ಮಠ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿದೆ. ಮೂಲ ಸ್ಥಾಪನೆ ಏಳನೆಯ ಶತಮಾನದ ಆದಿಯದ್ದಾದರೂ ಈಗಿನ ಕಟ್ಟಡಗಳು ಚಿಂಗ್ ಅರಸೊತ್ತಿಗೆಯ ಕೊನೆಯ ಕಾಲದವು. ಪ್ರಧಾನ ಮಂದಿರದಲ್ಲಿ ತಾವೋ ಧರ್ಮದ ಪರಮದೈವಗಳಾದ ತ್ರಿಶುದ್ಧರ ಮೂರ್ತಿಗಳಿವೆ. ಅಂಗಳದ ಬಳಿಯ ಬೃಹತ್ ಗಿಂಕೊ ಮರವನ್ನು ಜಾಂಗ್ ದಾವ್‌ಲಿಂಗ್ ಸ್ವತಃ ನೆಟ್ಟನೆಂಬ ನಂಬಿಕೆಯಿದೆ. ಶರತ್ಕಾಲದ ಕೊನೆಯಲ್ಲಿ ಆ ಮರದ ಎಲೆಗಳು ಬಂಗಾರ ಬಣ್ಣಕ್ಕೆ ತಿರುಗಿ ಹೆಂಚಿನ ಮೇಲೆ ಉದುರುವಾಗ ಮಾತ್ರ ಈ ಬೆಟ್ಟ ತನ್ನ ಹಸಿರಿನ ಹಟವನ್ನು ಬಿಟ್ಟಂತೆ ತೋರುತ್ತದೆ.

ದಾರಿಯುದ್ದಕ್ಕೂ ಸಿಗುವ ವಿಶ್ರಾಂತಿ ಮಂಟಪಗಳನ್ನು ಆತುರದಲ್ಲಿ ದಾಟಿಹೋಗುವುದು ತಪ್ಪು. ತೊಗಟೆ ತೆಗೆಯದ ಮರದ ದಿಮ್ಮಿಗಳೇ ಅವುಗಳ ಕಂಬ, ಮರದ ತೊಗಟೆಯೇ ಹೊದಿಕೆ, ಬೇರಿನ ತುಂಡುಗಳೇ ಆಸನ. ಬಣ್ಣವಿಲ್ಲ, ಚಿನ್ನದ ಲೇಪವಿಲ್ಲ. ಕೆಲವು ಕಡೆ ಬಳ್ಳಿಗಳು ಹಬ್ಬಿ ಮಂಟಪ ಯಾವುದು, ಮರ ಯಾವುದು ಎಂದು ತಿಳಿಯದಂತಾಗಿದೆ. ಬೀಜಿಂಗ್‌ನ ಅರಮನೆಗಳ ಕೆಂಪು ಗೋಡೆ, ಹಳದಿ ಹೆಂಚುಗಳ ವೈಭವವನ್ನು ಕಂಡು ಬಂದವರಿಗೆ ಇದು ಬಡತನವೆಂದು ತೋರಬಹುದು. ಬೆಟ್ಟದ ಮುಂದೆ ಕಟ್ಟಡ ತಲೆ ಎತ್ತಬಾರದು ಎಂಬ ತಾವೋ ಶಿಲ್ಪಿಗಳ ಸಂಕೋಚ ಅದು. ಇಳಿಜಾರನ್ನು ಸಮತಟ್ಟು ಮಾಡುವ ಬದಲು ಇಳಿಜಾರಿಗೆ ತಕ್ಕಂತೆ ಕಟ್ಟುವುದು, ಮರ ಅಡ್ಡ ಬಂದರೆ ದಾರಿಯನ್ನೇ ಬಾಗಿಸುವುದು ಇಲ್ಲಿನ ರೀತಿ. ಮಠಗಳು ಸಮೀಪಿಸುವವರೆಗೂ ಕಾಣದಿರಲು ಬಿದಿರ ಮೆಳೆಗಳಷ್ಟೇ ಈ ಕಟ್ಟುವ ಕ್ರಮವೂ ಕಾರಣ.

ಮೇಲೆ, ಶಿಖರಕ್ಕೆ ತುಸು ಕೆಳಗೆ ಇರುವುದು ಶಾಂಗ್‌ಚಿಂಗ್ ಮಠ. ಇಲ್ಲಿ ಪಕ್ಕಪಕ್ಕದಲ್ಲೇ ಎರಡು ಬಾವಿಗಳಿವೆ. ಒಂದು ಚೌಕ, ಮತ್ತೊಂದು ವೃತ್ತ; ಒಂದರ ನೀರು ತಿಳಿ, ಇನ್ನೊಂದರದು ಕದಡು. ದಂಪತಿಗಳಿಗೆ ಉಪಮೆಯಾದ ಜಕ್ಕವಕ್ಕಿಗಳ ಹೆಸರು ಈ ಬಾವಿಗಳಿಗಿದೆ. 1,260 ಮೀಟರ್ ಎತ್ತರದ ತುದಿಯಲ್ಲಿರುವ ಲಾವೋಜುನ್ ಗೋಪುರ ಇತ್ತೀಚಿನ ಕಾಲದ್ದು. ಸುತ್ತಲಿನ ಸರಳತೆಗೆ ಹೋಲಿಸಿದರೆ ಅದರ ಆಡಂಬರ ಕೊಂಚ ಹೆಚ್ಚೇ ಆಯಿತೆನ್ನಬಹುದು. ಆದರೂ ಮಂಜು ಸರಿದ ಗಳಿಗೆಯಲ್ಲಿ ಅಲ್ಲಿಂದ ಕಾಣುವ ಚೆಂಗ್ಡು ಬಯಲಿನ ನೋಟಕ್ಕೆ ಎಣೆಯಿಲ್ಲ.

ಮರಳದ ಚಿತ್ರಕಾರ

ಇಪ್ಪತ್ತನೆಯ ಶತಮಾನದ ಚೀನೀ ಚಿತ್ರಕಲೆಯ ದೊಡ್ಡ ಹೆಸರಾದ ಜಾಂಗ್ ದಾಚಿಯಾನ್ 1938ರಲ್ಲಿ, ಜಪಾನೀ ಸೇನೆಯ ವಶವಾಗಿದ್ದ ಬೀಜಿಂಗ್‌ನಿಂದ ತಪ್ಪಿಸಿಕೊಂಡು ಬಂದು ಸಂಸಾರ ಸಮೇತ ಆಶ್ರಯ ಪಡೆದದ್ದು ಇದೇ ಶಾಂಗ್‌ಚಿಂಗ್ ಮಠದಲ್ಲಿ. ದೇಶ ಯುದ್ಧದಲ್ಲಿ ಬೇಯುತ್ತಿದ್ದಾಗ ಆತ ಇಲ್ಲಿ ಮಂಜು, ಬಂಡೆ, ಬಿದಿರುಗಳನ್ನು ಬಿಡಿಸುತ್ತ ಕುಳಿತ. 1941ರಲ್ಲಿ ದೂರದ ದುನ್‌ಹುವಾಂಗ್ ಗುಹೆಗಳ ಭಿತ್ತಿಚಿತ್ರಗಳನ್ನು ನಕಲಿಸಲು ತೆರಳಿದ. 1949ರಲ್ಲಿ ಚೀನಾದ ನೆಲವನ್ನೇ ತೊರೆದ ಆತನಿಗೆ ಮತ್ತೆಂದೂ ಹಿಂದಿರುಗಲು ಆಗಲಿಲ್ಲ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ವರ್ಷಗಳಲ್ಲಿ ನೆನಪನ್ನೇ ಆಧಾರವಾಗಿಟ್ಟುಕೊಂಡು ಚಿಂಗ್‌ಚೆಂಗ್‌ನ ಬೃಹತ್ ಚಿತ್ರವನ್ನು ರಚಿಸಿದ. 1983ರಲ್ಲಿ ತೈಪೆಯಲ್ಲಿ ತೀರಿಕೊಂಡ.

ಬಿದಿರ ಬುಟ್ಟಿಯ ಒಡ್ಡು

ಚಿಂಗ್‌ಚೆಂಗ್‌ಗೆ ಹೋದವರು ಅದೇ ದಿನ ಅಥವಾ ಮರುದಿನ ನೋಡಲೇಬೇಕಾದ ಮತ್ತೊಂದು ತಾಣ ಸಮೀಪದಲ್ಲೇ ಇದೆ. ಯುನೆಸ್ಕೊ 2000ದಲ್ಲಿ ಈ ಗಿರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಅದನ್ನು ಒಂಟಿಯಾಗಿ ಸೇರಿಸಲಿಲ್ಲ. ಪಕ್ಕದ ದೂಜಿಯಾಂಗ್‌ಯಾನ್ ನೀರಾವರಿ ವ್ಯವಸ್ಥೆಯೊಡನೆ ಜೋಡಿಯಾಗಿ ಸೇರಿಸಿತು. ಬೆಟ್ಟದ ಬಿದಿರಿಗೂ ಬಯಲಿನ ಬತ್ತಕ್ಕೂ ಇರುವ ನಂಟು ಅರ್ಥವಾಗುವುದು ಅಲ್ಲಿಯೇ.

ಕ್ರಿ.ಪೂ. ಮೂರನೆಯ ಶತಮಾನದ ಮಧ್ಯಭಾಗದಲ್ಲಿ ಚಿನ್ ರಾಜ್ಯದ ಪ್ರಾಂತಾಧಿಕಾರಿಯಾಗಿದ್ದ ಲೀ ಬಿಂಗ್‌ಗೆ ಎದುರಾದದ್ದು ಮಿನ್ ನದಿ. ಹಿಮ ಕರಗಿದಾಗ ಉಕ್ಕಿ ಬಯಲನ್ನು ಮುಳುಗಿಸುವುದು, ಉಳಿದ ಕಾಲದಲ್ಲಿ ಬರ ತರುವುದು ಅದರ ಸ್ವಭಾವ. ಲೀ ಬಿಂಗ್ ಅಣೆಕಟ್ಟು ಕಟ್ಟಿ ನದಿಯನ್ನು ತಡೆಯಲಿಲ್ಲ. ನದಿಯ ನಡುವೆ ಮೀನಿನ ಮೂತಿಯಾಕಾರದ ಒಡ್ಡು ನಿರ್ಮಿಸಿ ಹರಿವನ್ನು ಎರಡಾಗಿ ಸೀಳಿದ. ಆ ಒಡ್ಡು ಯಾವುದರದ್ದು? ಬಿದಿರಿನದ್ದು. ಉದ್ದನೆಯ ಬಿದಿರ ಬುಟ್ಟಿಗಳನ್ನು ಹೆಣೆದು, ನದಿಯ ಉರುಟು ಕಲ್ಲುಗಳನ್ನು ತುಂಬಿ, ಒಂದರ ಮೇಲೊಂದು ಪೇರಿಸಲಾಯಿತು. ಗಟ್ಟಿಗೋಡೆಯನ್ನು ಕೊಚ್ಚಿಕೊಂಡು ಹೋಗಬಲ್ಲ ಪ್ರವಾಹ ಈ ಬುಟ್ಟಿಗಳ ಸಂದುಗಳಲ್ಲಿ ನುಸುಳಿ ಬಲ ಕಳೆದುಕೊಂಡಿತು. ಒಳಕಾಲುವೆಗಾಗಿ ಬೆಟ್ಟವನ್ನು ಕಡಿಯಬೇಕಾಗಿತ್ತು. ಸಿಡಿಮದ್ದು ಇಲ್ಲದ ಕಾಲ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ತಣ್ಣೀರು ಸುರಿದು ಬಿರಿಯುವಂತೆ ಮಾಡಲಾಯಿತು.

ಬಿದಿರು ಕೊಳೆಯುತ್ತದೆ. ಆದ್ದರಿಂದ ನೀರು ಇಳಿದ ಚಳಿಗಾಲದಲ್ಲಿ ಹೂಳೆತ್ತುವುದು, ಬುಟ್ಟಿಗಳನ್ನು ಹೊಸದಾಗಿ ಹೆಣೆಯುವುದು, ವಸಂತದಲ್ಲಿ ಉತ್ಸವ ನಡೆಸಿ ನೀರು ಬಿಡುವುದು ಎರಡು ಸಾವಿರ ವರ್ಷಗಳ ಕಾಲ ನಡೆದುಬಂದ ಕ್ರಮ. 20ನೇ ಶತಮಾನದಲ್ಲಿ ಕಾಂಕ್ರೀಟ್ ಮತ್ತು ಉಕ್ಕಿನ ಗೇಟುಗಳು ಬಂದವಾದರೂ ನೀರನ್ನು ಹಂಚುವ ಮೂಲ ವಿನ್ಯಾಸ ಬದಲಾಗಿಲ್ಲ. ಇಂದು ಅದು 6.5 ಲಕ್ಷಕ್ಕೂ ಅಧಿಕ ಹೆಕ್ಟೇರ್ ಭೂಮಿಗೆ ನೀರುಣಿಸುತ್ತಿದೆ. ಲೀ ಬಿಂಗ್ ಮತ್ತು ಆತನ ಮಗನೆಂದು ಹೇಳಲಾಗುವ ವ್ಯಕ್ತಿಯನ್ನು ಜನ ದೈವಗಳಾಗಿಸಿದರು. ನದಿದಂಡೆಯ ಅವರ ಗುಡಿ, ಎರ್‌ವಾಂಗ್, ತಾವೋ ಮಂದಿರವೇ ಆಗಿದೆ. ನೀರಿನೊಡನೆ ಸೆಣಸದೆ ನೀರಿನ ಸ್ವಭಾವವನ್ನೇ ಬಳಸಿಕೊಂಡ ಅಧಿಕಾರಿಯನ್ನು ತಾವೋ ಸಾಧಕರು ತಮ್ಮವನೆಂದು ಭಾವಿಸಿದ್ದು ಸಹಜವೇ.

2008ರ ಮೇ 12

ಅಂದು ಮಧ್ಯಾಹ್ನ ಸಿಚುವಾನ್‌ನಲ್ಲಿ ಸುಮಾರು 8ರ ತೀವ್ರತೆಯ ಭೂಕಂಪ ಸಂಭವಿಸಿತು. ಸುಮಾರು 69 ಸಾವಿರ ಮಂದಿ ಮೃತಪಟ್ಟರು, 18 ಸಾವಿರದಷ್ಟು ಜನ ಕಾಣೆಯಾದರು. ಭೂಕಂಪದ ಕೇಂದ್ರ ಚಿಂಗ್‌ಚೆಂಗ್‌ನಿಂದ ಬಹಳ ದೂರವಿರಲಿಲ್ಲ. ದೂಜಿಯಾಂಗ್‌ಯಾನ್ ನಗರದಲ್ಲಿ ಶಾಲೆಗಳು ಮಕ್ಕಳ ಮೇಲೆ ಕುಸಿದವು. ಎರ್‌ವಾಂಗ್ ಗುಡಿಯ ಕೆಲವು ಕಟ್ಟಡಗಳು ನೆಲಸಮವಾದವು. ಬೆಟ್ಟದ ಮೇಲಿನ ಮಠಗಳ ಹೆಂಚುಗಳು ಉದುರಿದವು, ಗೋಡೆಗಳು ಬಿರಿದವು, ಇಳಿಜಾರುಗಳು ಜಾರಿದವು. ಪ್ರವಾಸಿಗರಿಗೆ ಬೆಟ್ಟದ ಬಾಗಿಲು ಮುಚ್ಚಿತು. ನದಿಯ ನಡುವಿನ ಮೀನಿನ ಮೂತಿಗೆ ಆದದ್ದು ಬಿರುಕು ಮಾತ್ರ.

ಸಾಂಪ್ರದಾಯಿಕ ಚೀನೀ ಕಟ್ಟಡಗಳಲ್ಲಿ ಭಾರ ಹೊರುವುದು ಗೋಡೆಯಲ್ಲ, ಮರದ ಚೌಕಟ್ಟು. ಮೊಳೆಯಿಲ್ಲದೆ ಒಂದರೊಳಗೊಂದು ಸಿಕ್ಕಿಸಿದ ತೊಲೆ-ಕಂಬಗಳು ನೆಲ ಅಲುಗಿದಾಗ ತಾವೂ ಅಲುಗುತ್ತವೆ. ಗೋಡೆ ಬಿದ್ದರೂ ಮನೆ ಬೀಳದು ಎಂಬ ಮಾತು ಅಲ್ಲಿನ ಬಡಗಿಗಳಲ್ಲಿದೆ. ಆದರೆ ಕಡಿದಾದ ಇಳಿಜಾರಿನ ಅಡಿಪಾಯವೇ ಜಾರಿದರೆ ಯಾವ ಚೌಕಟ್ಟೂ ಕಾಯಲಾರದು. ಮುಂದಿನ ಕೆಲವು ವರ್ಷಗಳಲ್ಲಿ ಮಠಗಳ ದುರಸ್ತಿ ನಡೆಯಿತು. ಚೆಂಗ್ಡುವಿನಿಂದ ಬೆಟ್ಟದ ಬುಡಕ್ಕೆ ವೇಗದ ರೈಲು ಸಂಚಾರ ಆರಂಭವಾದದ್ದು 2010ರ ಮೇ 12ರಂದು, ಭೂಕಂಪಕ್ಕೆ ಸರಿಯಾಗಿ ಎರಡು ವರ್ಷ ತುಂಬಿದ ದಿನ. ಪುನರ್ನಿರ್ಮಾಣದ ಸಂಕೇತವಾಗಿ ಬಂದ ಅದೇ ರೈಲು ಬೆಟ್ಟದ ಏಕಾಂತಕ್ಕೆ ಹೊಸ ಸವಾಲನ್ನೂ ಹೊತ್ತು ತಂದಿತು. ಪ್ರವಾಸಿಗರ ಹಣವಿಲ್ಲದೆ ಸ್ಥಳೀಯರ ಬದುಕು ಮರಳಿ ಕಟ್ಟಿಕೊಳ್ಳುತ್ತಿರಲಿಲ್ಲ. ಸಂದಣಿ ಹೆಚ್ಚಿದಂತೆ, ಸಾಧನೆಗೆಂದು ಬಂದವರಿಗೆ ಹಗಲಿನ ಮೌನ ದುರ್ಲಭವಾಯಿತು. ಇದರಲ್ಲಿ ಒಂದು ಪಕ್ಷವನ್ನು ದೂರುವುದು ಸುಲಭವಲ್ಲ.

ಹೋಗುವವರಿಗೆ

ಬೆಂಗಳೂರು ಮತ್ತು ಚೆಂಗ್ಡು ನಡುವೆ 2013ರ ಅಕ್ಟೋಬರ್‌ನಲ್ಲಿ, ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರ ಚೀನಾ ಭೇಟಿಯ ಸಂದರ್ಭದಲ್ಲಿ, ಸೋದರ ನಗರ ಒಪ್ಪಂದವಾಗಿದೆ. 2020ರಿಂದ ಸ್ಥಗಿತಗೊಂಡಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಪುನರಾರಂಭವಾಯಿತು. ಚೆಂಗ್ಡು ತಲುಪಿದ ಮೇಲೆ ಚಿಂಗ್‌ಚೆಂಗ್ ನಿಲ್ದಾಣಕ್ಕೆ ರೈಲಿನಲ್ಲಿ ಒಂದು ಗಂಟೆಯೂ ಬೇಕಿಲ್ಲ. ಅಲ್ಲಿಂದ ಬೆಟ್ಟದ ಹೆಬ್ಬಾಗಿಲಿಗೆ ಬಸ್ಸುಗಳಿವೆ.

ವಸಂತ ಮತ್ತು ಶರತ್ಕಾಲ ಸೂಕ್ತ. ಜುಲೈ-ಆಗಸ್ಟ್‌ನಲ್ಲಿ ಮಳೆ ಹೆಚ್ಚು; ಪಾಚಿಗಟ್ಟಿದ ಮೆಟ್ಟಿಲುಗಳು ಜಾರುತ್ತವೆ, ಹಿಡಿತವಿರುವ ಪಾದರಕ್ಷೆ ಅತ್ಯಗತ್ಯ. ವಾರದ ನಡುವಿನ ದಿನವನ್ನು ಆರಿಸಿಕೊಂಡು, ಬಾಗಿಲು ತೆರೆದ ಕೂಡಲೇ ನಡೆದು ಹತ್ತಲು ಆರಂಭಿಸಿದವರಿಗೆ ಮೊದಲ ಎರಡು ಗಂಟೆ ಬೆಟ್ಟ ಬಹುತೇಕ ತಮ್ಮದೇ. ಇಳಿಯುವಾಗ ಬೇಕಾದರೆ ರೋಪ್‌ವೇ ಹಿಡಿಯಬಹುದು. ಹೆಚ್ಚು ಬಿದಿರು, ಕಡಿಮೆ ಜನ ಬೇಕೆಂಬವರು ಹಿಂಭಾಗದ ಬೆಟ್ಟಕ್ಕೆ ಇನ್ನೊಂದು ದಿನ ಮೀಸಲಿಡಬೇಕು. ಈ ಪ್ರದೇಶ 2006ರಲ್ಲಿ ಘೋಷಿತವಾದ ಪಾಂಡಾ ಅಭಯಧಾಮಗಳ ವಿಶ್ವ ಪರಂಪರೆ ತಾಣದಲ್ಲೂ ಸೇರಿದೆಯಾದರೂ ಕಾಡುಪಾಂಡಾ ಕಾಣಬಹುದೆಂಬ ಆಸೆ ಬೇಡ.

ಮಠದೊಳಗೆ ಹೊಸ್ತಿಲನ್ನು ತುಳಿಯದೆ ದಾಟಬೇಕು. ಮೂರ್ತಿಗಳ ಚಿತ್ರ ತೆಗೆಯಬಾರದು. ಸಾಧಕರು ಕೈಜೋಡಿಸಿ ಅಲ್ಲ, ಒಂದು ಮುಷ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿ ವಂದಿಸುತ್ತಾರೆ. ಅವರ ವಯಸ್ಸು ಕೇಳುವುದು ಅಸಭ್ಯ ಎನಿಸಿಕೊಳ್ಳುತ್ತದೆ.

ಊಟದ ಮಾತು ಬಂದರೆ, ಇಲ್ಲಿನ ನಾಲ್ಕು ವಿಶೇಷಗಳು ಪ್ರಸಿದ್ಧ: ಬೆಟ್ಟದ ಚಹಾ, ಕಿವಿ ಹಣ್ಣಿನ ಮದ್ಯ, ಗಿಂಕೊ ಬೀಜ ಹಾಕಿ ಬೇಯಿಸಿದ ಕೋಳಿ ಮತ್ತು ಮಠದ ಉಪ್ಪಿನಕಾಯಿ. ಸಸ್ಯಾಹಾರವೇ ವ್ರತವಾದ ಸಾಧಕರ ಬೆಟ್ಟದ ಹೆಸರಿನಲ್ಲಿ ಕೋಳಿಯ ಖಾದ್ಯ ಪ್ರಸಿದ್ಧವಾದುದು ಬುಡದ ಹೋಟೆಲುಗಳ ಜಾಣ್ಮೆ. ಸಸ್ಯಾಹಾರಿಗಳಿಗೆ ಉಪ್ಪಿನಕಾಯಿಯೇ ಗತಿ. ಬಾಯಿಯ ಸುತ್ತ ನೀರು ನಿಲ್ಲುವ ಅಂಚಿರುವ ಮಣ್ಣಿನ ಭರಣಿಯಲ್ಲಿ, ಉಪ್ಪುನೀರಿನಲ್ಲಿ ಹುಳಿಯಿಟ್ಟ ಮೂಲಂಗಿ, ಎಲೆಕೋಸು, ಶುಂಠಿ. ನಮ್ಮ ಉಪ್ಪಿನಕಾಯಿಯಂತೆ ಎಣ್ಣೆಯಿಲ್ಲ, ಬಿಸಿ ಅನ್ನದ ಜೊತೆ ಹಿತವಾಗಿರುತ್ತದೆ.